ಹದಿನೆಂಟು ಮಂದಿಗೆ ಹಂಚಿದ ಬಿಳಿ ಗುಳಿಗಿ

ಬಿಪಿ ಅಂದ್ರ ಸಿಟ್ಟಿನ ಜಡ್ಡು ಅಂತ ತಿಳಕೊಂಡಿದ್ದೆ ನಾನು. ನಮ್ಮ ಕಡೆ ಎಲ್ಲಾರೂ ಹಂಗ ಅನ್ನೋದು. ಯಾರರ ಜೋರು ಮಾತಾಡಿದ್ರ, "ಯಾಕವ್ವಾ, ಬಿಪಿ ಏರೇತೇನು?" ಅಂತ ನಗ್ತಾರ. ನನಗಂತೂ ದಿನಕ್ಕ ಹತ್ತು ಸಲ ಅಂತಿದ್ರು. ನನ್ನ ಬಾಯಿ ದೊಡ್ಡದು, ಸುಳ್ಳು ಯಾಕ ಹೇಳ್ಲಿ. ಹದಿನೆಂಟು ಮಂದಿ ಹೆಣ್ಮಕ್ಕಳನ್ನ ಮುಂಜಾನಿ ಆರಕ್ಕ ಮನಿಯಿಂದ ಹೊರಡಿಸಿ, ಟ್ರ್ಯಾಕ್ಟರಿನ ಟ್ರಾಲಿ ಹತ್ತಿಸಿ, ಗದ್ದಿಗೆ ಇಳಿಸಬೇಕಂದ್ರ ಬಾಯಿ ಇರಬೇಕಾಗತೈತಿ.

ನನ್ನ ಹೆಸರು ಹುಲಿಗೆವ್ವ. ಗಂಗಾವತಿ ತಾಲೂಕು, ಮರಳಿ ಕಡೆ ಸಣ್ಣದೊಂದು ಊರು. ಡ್ಯಾಮಿನ ನೀರು ಕಾಲುವಿಗೆ ಬಿಟ್ರಂದ್ರ ನಮಗ ಉಸಿರು ಬಿಡಾಕ ಪುರುಸೊತ್ತಿರಂಗಿಲ್ಲ. ಸುತ್ತಲಿನ ಕ್ಯಾಂಪಿನ, ಅಂದ್ರ ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಊರಿನ, ಗದ್ದಿಗೆಲ್ಲ ಭತ್ತದ ಸಸಿ ಹಚ್ಚೋ ಗುಂಪು ನನ್ನದು. ಗುತ್ತಿಗಿ ಮಾತಾಡೋದು, ಮಂದಿ ಕೂಡಿಸೋದು, ಹಾಜರಿ ಬರಿಯೋದು ಎಲ್ಲಾ ನಾನ. ಏಳನೇತ್ತ ತನಕ ಸಾಲಿ ಕಲಿತೀನಿ. ಮಾತಾಡಿದಂಗ ಬರದೀನಿ, ಹಂಗ ಓದ್ರಿ.

ಇದನ್ನ ಬರಿಯಾಕ ಕಾರಣ ನನ್ನ ಜಡ್ಡು ಒಂದ ಅಲ್ಲ. ನಮ್ಮ ಯಲ್ಲವ್ವ ಅದಾಳ. ನನ್ನ ಮೈದುನ ಮಲ್ಲಪ್ಪನ ಹೆಂಡ್ತಿ, ನನಗ ನೆಗೆಣ್ಣಿ. ಒಂದ ಮನಿ, ಒಂದ ಒಲಿ. ಅಕಿ ನಮ್ಮ ಮನಿಗೆ ಬಂದಾಗಿಂದ ನನ್ನ "ಯಕ್ಕಾ" ಅನ್ನೋದು ಬಿಟ್ಟು ಬ್ಯಾರೆ ಮಾತು ಜೋರಾಗಿ ಆಡಿದ್ದ ನಾ ಕೇಳಿಲ್ಲ. ಅಷ್ಟು ತಣ್ಣಗಿನ ಜೀವ.

ಸಸಿ ಹಚ್ಚೋದಂದ್ರ ಮುಂಜಾನಿಂದ ಸಂಜಿ ತನಕ ಬಗ್ಗೇ ಇರಬೇಕು. ಮೊಣಕಾಲು ಮಟ ಕೆಸರು, ಮ್ಯಾಲ ಬಿಸಿಲು ಇಲ್ಲಾ ಮಳಿ. ಸಂಜಿಗೆ ನಡ ನೆಟ್ಟಗ ಮಾಡಾಕ ಹೋದ್ರ ಜೀವ ಹೋದಂಗ ಆಗತೈತಿ. ಅದಕ್ಕ ನಮ್ಮ ಗುಂಪಿನ್ಯಾಗ ಒಂದು ರೂಢಿ ಇತ್ತು. ಗದ್ದಿಗೆ ಇಳಿಯೋಕಿಂತ ಮೊದಲ ಬದುವಿನ ಮ್ಯಾಲ ಒಂದು ಸಸಿ ಕಟ್ಟು ಇಟ್ಟು, ಕುಂಕುಮ ಹಚ್ಚಿ ಕೈ ಮುಗಿಯೋದು. ಆಮ್ಯಾಲ ಚಾ. ಚಾದ ಜೋಡಿ ಎಲ್ಲಾರಿಗೂ ಒಂದೊಂದು ಬಿಳಿ ಗುಳಿಗಿ, ನೋವಿನ ಗುಳಿಗಿ. ಕಿರಾಣಿ ಅಂಗಡ್ಯಾಗ ಬೀಡಿ, ಕಡ್ಡಿಪೆಟ್ಟಿಗಿ ಬಾಜೂಕ ಸಿಗ್ತಿದ್ವು. ತರಾಕಿ ನಾನ, ಹಂಚಾಕಿನೂ ನಾನ. ಬಲಗೈ ಚಾಚಿ ತಗೊಂಡು, ಕೆಲವರು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕ್ಕೋತಿದ್ರು. ಚಾಷ್ಟಿಗೆ ಅದಕ್ಕ "ಹುಲಿಗೆವ್ವನ ಪರಸಾದ" ಅಂತಿದ್ರು. ಗುಳಿಗಿ ಕೊಡೋ ಗುಂಪಂದ್ರ ಛಲೋ ಗುಂಪು ಅಂತ ಹೆಸರು. ಹನ್ನೆರಡು ವರ್ಷ ಹಂಚೀನಿ. ನಾನೂ ತಗೊಂಡೀನಿ, ಕೆಲಸ ಭಾಳ ಇದ್ದ ದಿನ ಎರಡು, ಒಂದೊಂದು ದಿನ ಮೂರು.

ಹೋದ ವರ್ಷದ್ದಲ್ಲ, ಅದರ ಹಿಂದಿನ ಮಳಿಗಾಲದ ಮಾತು. ಒಂದಿನ ಮುಂಜಾನಿ ಬುತ್ತಿ ಕಟ್ಟಬೇಕಾದ್ರ ಯಲ್ಲವ್ವ ಬಂದು ಬಾಗಲದಾಗ ನಿಂತ್ಲು.

"ಯಕ್ಕಾ, ತಲಿ ಸಿಡದು ಹೋದಂಗ ಆಗಾಕತ್ತೈತಿ. ಇವತ್ತೊಂದಿನ ಮನ್ಯಾಗ ಇರ್ತೀನಿ."

ಅವತ್ತ ಇಬ್ಬರು ಮೊದಲ ತಪ್ಪಿಸಿದ್ರು. ಕ್ಯಾಂಪಿನ ಧಣಿ ಫೋನ್ ಮ್ಯಾಲ ಫೋನ್ ಮಾಡಾಕತ್ತಿದ್ದ. ನನಗ ಸಿಟ್ಟು ನೆತ್ತಿಗೇರಿತು. "ತಲಿ ಯಾರಿಗೆ ನೋಯಂಗಿಲ್ಲ? ನಿಂದೊಂದ ಏನು ಬಂಗಾರದ ತಲಿ? ನಡಿ" ಅಂದೆ. ಬದುವಿನ ಮ್ಯಾಲ ಅಕಿ ಕೈಯಾಗ ಒಂದಲ್ಲ, ಎರಡು ಗುಳಿಗಿ ಇಟ್ಟೆ. ಅಕಿ ನುಂಗಿ, ಸೀರಿ ಎತ್ತಿ ಕಟ್ಟಿ ಇಳಿದ್ಲು.

ಹನ್ನೊಂದರ ಸುಮಾರಿಗೆ ನೋಡ್ತೀನಿ, ಅಕಿ ಹಚ್ಚಿದ ಸಾಲು ಡೊಂಕಾಗೈತಿ. ಯಲ್ಲವ್ವನ ಸಾಲು ಡೊಂಕಾಗಿದ್ದು ನಾ ಕಂಡಾಕಿನ ಅಲ್ಲ. "ಏ ಯಲ್ಲೀ, ಕಣ್ಣೇನು ಕುರುಡಾದ್ವೇನು?" ಅಂತ ಒದರಿದೆ. ಅಕಿ ನನ್ನ ಕಡೆ ತಿರುಗಿದ್ಲು, ಏನೋ ಅನ್ನಾಕ ಬಾಯಿ ತೆರದ್ಲು, ಮಾತು ಬರ್ಲಿಲ್ಲ. ಬಲಗೈಯಾಗಿನ ಸಸಿ ಜಾರಿ ಬಿತ್ತು. ಹಂಗ ಅಡ್ಡಾಗಿ ಕೆಸರಿನ್ಯಾಗ ಮುಖ ಮಾಡಿ ಬಿದ್ಲು. ಎಳದು ಎತ್ತಿದ್ರ ಬಾಯಿ ಎಡಕ್ಕ ಜಗ್ಗಿತ್ತು. "ಗಾಳಿ ಬಡೀತು, ಗಾಳಿ ಬಡೀತು" ಅಂತ ಹೆಣ್ಮಕ್ಕಳೆಲ್ಲ ಹೊಯ್ಕೊಂಡ್ರು. ಧಣಿ ಗಾಡ್ಯಾಗ ಹಾಕ್ಕೊಂಡು ಗಂಗಾವತಿಗೆ ಹೋದ್ವಿ, ಅಲ್ಲಿಂದ ಕೊಪ್ಪಳಕ್ಕ. ಅಕಿ ಮೂಗಿನ್ಯಾಗಿನ ಕೆಸರು ನನ್ನ ಸೆರಗಿನಿಂದ ಒರಸ್ಕೋತ ಕುಂತಿದ್ದೆ ದಾರಿಪೂರ್ತಿ.

ಲಕ್ವಾ ಅಂದ್ರು. ಬಿಪಿ ಸಿಕ್ಕಾಪಟ್ಟೆ ಏರಿ ತಲಿಯೊಳಗ ರಕ್ತ ಒಡದೈತಿ ಅಂದ್ರು. ಡಾಕ್ಟರು ಕೇಳಿದ್ರು, "ಮೊದಲ ಬಿಪಿ ಇತ್ತೇನು? ಯಾವರ ಗುಳಿಗಿ ತಗೋತಿದ್ಲೇನು?"

"ಇಲ್ರಿ" ಅಂದೆ ನಾನು. "ಅಕಿಗೆ ಯಾವ ಜಡ್ಡೂ ಇಲ್ಲ, ಯಾವ ಗುಳಿಗಿನೂ ಇಲ್ಲ."

ನನ್ನ ಆಣಿ, ಸುಳ್ಳು ಹೇಳಬೇಕಂತ ಹೇಳಿದ್ದಲ್ಲ. ನನ್ನ ಲೆಕ್ಕದಾಗ ಡಾಕ್ಟರ್ ಬರಕೊಟ್ಟದ್ದು ಅಷ್ಟ ಗುಳಿಗಿ. ನಾವು ಬದುವಿನ ಮ್ಯಾಲ ತಗೊಂಬೋದು ಚಾ ಇದ್ದಂಗ, ಎಲಿ ಅಡಿಕಿ ಇದ್ದಂಗ. ಅದು ನೆಪ್ಪಿಗೇ ಬರ್ಲಿಲ್ಲ. ಮಲ್ಲಪ್ಪ ಗ್ವಾಡಿಗೆ ತಲಿ ಆನಿಸಿ, "ಅತ್ತಿಗಿ, ಬೈಗುಳ ಅಂದ್ರ ಏನಂತ ಗೊತ್ತಿಲ್ದಾಕಿಗೆ ಬಿಪಿ ಹೆಂಗ ಬಂತು?" ಅಂತ ಅತ್ತ. ನಾನೂ ಅದನ್ನ ಅನ್ಕೊಂಡೆ. ಬರೋದಿದ್ರ ನನಗ ಬರಬೇಕಿತ್ತು.

ಜೀವ ಉಳೀತು. ಬಲಗೈ, ಬಲಗಾಲು ಹೋದ್ವು. ಮಾತು ಒಂದೊಂದ ಅಕ್ಷರ ಎಳದು ತಂದಂಗ ಬರತೈತಿ. ಜಳಕ ಮಾಡಿಸೋದು, ಉಣಿಸೋದು, ಹೊರಕಡೆ ಕರಕೊಂಡು ಹೋಗೋದು ಎಲ್ಲಾ ನನ್ನ ಪಾಲಿಗೆ ಬಂತು. ಮೊದಲ ಸಲ ದವಾಖಾನಿ ಗುಳಿಗಿ ಕೊಡಾಕ ಹೋದಾಗ ಅಕಿ ಎಡಗೈ ಚಾಚಿದ್ಲು, ಎಡಗೈ ನೋಡ್ಕೊಂಡು ಹಿಂದಕ್ಕ ತಗೊಂಡು ಅಳಾಕ ಹತ್ತಿದ್ಲು. ಅವತ್ತಿಂದ ನಾನ ಬಾಯಾಗ ಹಾಕ್ತೀನಿ. ಬಿದ್ದ ಕೈಯಿನ ಹೆಗಲು ಹಗಲು ರಾತ್ರಿ ನೋಯೋದು. ಅದಕ್ಕ ದಿನಾ ಸಂಜಿಗೆ ಒಂದು ಬಿಳಿ ಗುಳಿಗಿ ಕೊಡ್ತಿದ್ದೆ. ಪುಣ್ಯದ ಕೆಲಸ ಮಾಡಾಕತ್ತೀನಿ ಅಂತ ತಿಳಕೊಂಡ ಕೊಡ್ತಿದ್ದೆ.

ತಿಂಗಳಿಗೊಮ್ಮೆ ಅಕಿನ್ನ ಕೊಪ್ಪಳದ ದವಾಖಾನಿಗೆ ತೋರ್ಸಾಕ ಕರಕೊಂಡು ಹೋಗ್ತಿದ್ದೆ. ಬಾಕಿನ ಮ್ಯಾಲ ಕುಂತು ಚೀಟಿ ಹಿಡಕೊಂಡು ಪಾಳಿ ಕಾಯೋದಂದ್ರ ಅದೊಂದು ಜಲಮ. ಕುಷ್ಟಗಿಯವರು, ಯಲಬುರ್ಗಾದವರು, ಎಲ್ಲಾರೂ ನಸಿಕಿನ್ಯಾಗ ಎದ್ದು ಬಂದವರು. ಒಬ್ಬರ ಮುಖ ಒಬ್ಬರು ನೋಡಂಗಿಲ್ಲ, ಒಳಗಿನ ಬಾಗಲಾ ನೋಡ್ತಾರ. ಒಂದಿನ ಯಲ್ಲವ್ವನ ಬಿಪಿ ನೋಡಿದ ಸಿಸ್ಟರು, "ನೀವೂ ಕೈ ಕೊಡ್ರಿ ಅಮ್ಮಾ, ಮುಖ ಬಾತಂಗ ಕಾಣ್ತೈತಿ" ಅಂದ್ಲು. "ನನಗೇನಾಗೈತಿ, ಗಟ್ಟಿಮುಟ್ಟಿ ಅದೀನಿ" ಅಂತ ನಕ್ಕೋತ ಕೊಟ್ಟೆ. ಪಟ್ಟಿ ಬಿಗೀತು, ಸಡಿಲಾತು. ಅಕಿ ಅದನ್ನ ಬಿಚ್ಚಿ ಇನ್ನೊಂದು ಕೈಗೆ ಕಟ್ಟಿದ್ಲು.

"ಇನ್ನೂರಾ ಹತ್ತು, ನೂರಾ ಇಪ್ಪತ್ತು. ನೀವು ನಿಂತೀರಿ ಹೆಂಗ ಅಮ್ಮಾ?"

ಬಾಜೂಕ ಯಲ್ಲವ್ವ ಡೊಂಕ ಬಾಯಿ ಮಾಡ್ಕೊಂಡು ನನ್ನನ್ನ ನೋಡಾಕತ್ತಿದ್ಲು. ಅಕಿ ಜೊಲ್ಲು ಒರಸೋ ಕೈ ನಂದು. ಆ ಕೈನೂ ಬಿದ್ರ ಅಕಿಗೆ ಯಾರು, ನನಗ ಯಾರು? ಹೆದರಿಕಿ ಅಂದ್ರ ಏನಂತ ನನಗ ಅವತ್ತ ಗೊತ್ತಾತು. ಮನಿಗೆ ಬಂದು ಗಂಡಗ ಹೇಳಿದ್ರ, "ಬಿಡು, ಊರಿಗೆಲ್ಲ ಗೊತ್ತಿದ್ದದ್ದು ಡಾಕ್ಟರಿಗೆ ಇವತ್ತ ಗೊತ್ತಾತು" ಅಂತ ಚಾಷ್ಟಿ ಮಾಡಿದ. ಆಮ್ಯಾಲ ಕಟ್ಟಿ ಮ್ಯಾಲ ಹೋಗಿ ಕುಂತ. ಬೀಡಿ ಹಚ್ಚಾಕ ಕಡ್ಡಿ ಗೀರಿದ್ರ ಆರಿ ಆರಿ ಹೋಗೋದು. ನಾ ಬಾಗಲದಾಗ ನಿಂತು ನೋಡಿದೆ.

ಎರಡು ನಮೂನಿ ಗುಳಿಗಿ ಶುರು ಆದ್ವು. ಉಪ್ಪು ಕಡಿಮಿ ಮಾಡ್ರಿ ಅಂದ್ರು. ಉಪ್ಪಿನಕಾಯಿ ಬಿಟ್ಟೆ, ಹಪ್ಪಳ ಬಿಟ್ಟೆ, ಸಾರು ಸಪ್ಪಗ ಮಾಡಿದೆ. ದವಾಖಾನಿ ಬಾಕಿನ ಮ್ಯಾಲ ತಳಕಲ್ಲಿನ ಒಬ್ಬ ಮುದುಕಿ ಸಿಗ್ತಿದ್ಲು, ಅಕಿ ಹೇಳಿಕೊಟ್ಲು: "ಪುಂಡಿಪಲ್ಲೆ ಮಾಡ್ಕೊಂಡು ತಿನ್ನವ್ವಾ, ಹುಳಿ ಇದ್ರ ಉಪ್ಪು ಇಲ್ದದ್ದು ನಾಲಿಗಿಗೆ ಗೊತ್ತಾಗಂಗಿಲ್ಲ." ತನ್ನ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ನನಗ, ಅರ್ಧ ಯಲ್ಲವ್ವಗ ಕೊಟ್ಲು. ಯಾವ ಸಂಬಂಧನೂ ಇಲ್ದಾಕಿ. ಆ ರೊಟ್ಟಿ ಇನ್ನೂ ನೆಪ್ಪೈತಿ.

ಆದ್ರ ಬಿಪಿ ಇಳೀಲಿಲ್ಲ. ಮುಂದಿನ ತಿಂಗಳು ನೂರಾ ತೊಂಬತ್ತು, ಅದರ ಮುಂದಿನ ತಿಂಗಳು ಮತ್ತ ಇನ್ನೂರು. ಗುಳಿಗಿ ಎರಡಿದ್ದದ್ದು ಮೂರಾತು. ಡಾಕ್ಟರಮ್ಮ ಸಣ್ಣ ವಯಸ್ಸಿನಾಕಿ, ಸಮಾಧಾನದಾಕಿ. ಪ್ರತಿ ಸಲ ಕೇಳಾಕಿ:

"ಗುಳಿಗಿ ತಪ್ಪಿಸ್ತೀರೇನು?"

"ಇಲ್ರಿ."

"ಬ್ಯಾರೆ ಏನರ ಗುಳಿಗಿ ತಗೋತೀರೇನು?"

"ಇಲ್ರಿ, ನೀವು ಕೊಟ್ಟದ್ದ ಅಷ್ಟ್ರಿ."

ಅಷ್ಟೊತ್ತಿಗೆ ಮತ್ತ ಸಸಿ ಹಚ್ಚೋ ದಿನ ಬಂದಿದ್ವು. ಮುಂಜಾನಿ ಬಿಪಿ ಗುಳಿಗಿ ಮನ್ಯಾಗ ನುಂಗಿ, ಬದುವಿಗೆ ಹೋಗಿ ಬಿಳಿ ಗುಳಿಗಿ ಹಂಚಿ, ನಾನೂ ಎರಡು ಬಾಯಿಗೆ ಹಾಕ್ಕೊಂಡು ಇಳೀತಿದ್ದೆ. ಕಾಲು ಬಾತ್ವು, ಬಳಿ ಕೈಯಾಗ ಬಿಗಿಯಾದ್ವು. ಸುಗ್ಗಿ ಹತ್ತಿರ ಬಂದಾಗ ಡಾಕ್ಟರಮ್ಮ ರಕ್ತ ತಪಾಸ ಮಾಡಿಸಿದ್ಲು. ಕಾಗದ ನೋಡಿ, "ಕಿಡ್ನಿ ಅರ್ಧಕ್ಕರ್ಧ ಸೋತಾವ" ಅಂದ್ಲು. ಇದ ಆಸ್ಪತ್ರಿಯೊಳಗ ರಕ್ತ ಸೋಸೋ ಮಷೀನಿಗೆ ಜೋತು ಬಿದ್ದವರನ್ನ ನಾ ನೋಡಿದ್ದೆ. ಸಾವರಿಸಿಕೊಳ್ಳೋಣಂತ ಎಲಿ ಅಡಿಕಿ ಸಂಚಿಗೆ ಕೈ ಹಾಕಿದೆ. ಸಂಚಿ ಜಾರಿ ಮೇಜಿನ ಮ್ಯಾಲ ಬಿತ್ತು. ಅಡಿಕಿ, ಸುಣ್ಣದ ಡಬ್ಬಿ, ಅದರ ಜೋಡಿ ಬಿಳಿ ಗುಳಿಗಿ ಪಾಕೀಟು ಎರಡು.

"ಇದು ಏನ್ರಿ?"

"ಅದು ಕೆಲಸದ್ದ್ರಿ" ಅಂದೆ.

"ಕೆಲಸದ್ದು ಅಂದ್ರ?"

"ಸಸಿ ಹಚ್ಚಾಕ ಹೋಗೋವಾಗ ತಗೊಂಬೋದ್ರಿ. ಗುಂಪಿನವರೆಲ್ಲ ತಗೋತೀವಿ."

"ಎಷ್ಟು ವರ್ಷದಿಂದ?"

ಹೇಳಿದೆ. ಅಕಿ ಪೆನ್ನು ಕೆಳಗಿಟ್ಲು. "ನಾ ಕೊಟ್ಟ ಗುಳಿಗಿ ನಿಮ್ಮ ಬಿಪಿನ್ನ ಕೆಳಗ ಜಗ್ತಾವ, ಇದು ಮ್ಯಾಲಕ್ಕ ಜಗ್ಗತೈತಿ. ಕಿಡ್ನಿನೂ ಇದ ಕೆಡಿಸಿರಬೇಕು. ನಾ ಪ್ರತಿ ತಿಂಗಳು ಕೇಳಿದ್ನಲ್ರಿ ಅಮ್ಮಾ."

ಕೇಳಿದ್ಲು, ಹೌದು. ನನ್ನ ತಲಿಯೊಳಗ ಆಗ ನನ್ನ ಕಿಡ್ನಿ ಇರ್ಲಿಲ್ಲ. ಡೊಂಕಾದ ಸಾಲು ಬಂದು ನಿಂತಿತ್ತು. ಕೇಳಿದೆ, "ಬಿಪಿ ಇದ್ದದ್ದು ಗೊತ್ತಿಲ್ದಾಕಿಗೆ, ತಲಿ ಸಿಡಿಯಾಕತ್ತೈತಿ ಅಂದಾಗ, ಇವನ್ನ ಎರಡು ಕೊಟ್ರ ಏನಾಗತೈತ್ರಿ?"

ಡಾಕ್ಟರಮ್ಮ ಹೊರಗ ಬಾಕಿನ ಮ್ಯಾಲ ಕುಂತಿದ್ದ ಯಲ್ಲವ್ವನ ಕಡೆ ನೋಡಿದ್ಲು. "ಅದರಿಂದನ ಆತು ಅಂತ ನಾ ಹೇಳಾಕ ಬರಂಗಿಲ್ಲ. ಅಲ್ಲ ಅಂತಲೂ ಹೇಳಾಕ ಬರಂಗಿಲ್ಲ. ಅಕಿಗೆ ಎಷ್ಟೋ ದಿನದಿಂದ ಬಿಪಿ ಇದ್ದಿರಬೇಕು, ಯಾರೂ ನೋಡಿಲ್ಲ. ಈಗಲೂ ಕೊಡ್ತೀರೇನು?"

"ದಿನಾ ಸಂಜಿಗೆ ಒಂದು" ಅಂದೆ.

"ಇವತ್ತಿಂದ ಬ್ಯಾಡ. ನಿಮಗೂ ಬ್ಯಾಡ, ಅಕಿಗೂ ಬ್ಯಾಡ. ಇನ್ನೊಮ್ಮೆ ಲಕ್ವಾ ಹೊಡದ್ರ ಅಕಿ ಉಳಿಯೋದು ಕಷ್ಟ." ಹೆಗಲಿನ ನೋವಿಗೆ ಬ್ಯಾರೆ ಗುಳಿಗಿ ಬರದುಕೊಟ್ಲು, ಬಿಸಿನೀರಿನ ಶಾಖ ಕೊಡ್ರಿ ಅಂದ್ಲು.

ಬಸ್ಸಿನ್ಯಾಗ ಯಲ್ಲವ್ವ ನನ್ನ ಹೆಗಲಿಗೆ ತಲಿ ಇಟ್ಟು ನಿದ್ದಿ ಮಾಡಿದ್ಲು. ನಾ ಕಿಡಕಿ ಕಡೆ ಮುಖ ಮಾಡಿ, ಸೆರಗು ಬಾಯಾಗ ತುರಕಿಕೊಂಡು ಅತ್ತೆ. ಥೂ ನನ್ನ ಬಾಳೇವಿಗೆ. ಬೈದು ಕರಕೊಂಡು ಹೋದಾಕಿ ನಾನು. ಎರಡು ಕೊಟ್ಟಾಕಿ ನಾನು. ನಂಬಿ ನುಂಗಿದಾಕಿ ಅಕಿ.

ಮನಿಗೆ ಬಂದು ಹೇಳೋಣಂದ್ರ ಬಾಯಿ ಬರ್ಲಿಲ್ಲ. ಊರಿಗೆಲ್ಲ ದೊಡ್ಡದಾದ ಬಾಯಿ ಆಗ ಎಲ್ಲಿ ಹೋಗಿತ್ತೋ. ಹೊಸ ಗುಳಿಗಿ ಅಕಿ ನೋವಿಗೆ ಸಾಕಾಗ್ಲಿಲ್ಲ. ಸಂಜಿ ಆತಂದ್ರ "ಯಕ್ಕಾ… ಬಿಳೇದು… ಕೊಡ" ಅಂತ ಗೋಗರಿಯಾಕಿ. ನಾ ಅಂಗಡ್ಯಾಗ ಮುಗದಾವ ಅಂತಿದ್ದೆ. ಮರುದಿನ, ಗಂಗಾವತಿಂದ ಬಂದಿಲ್ಲ ಅಂತಿದ್ದೆ. ಅದರ ಮರುದಿನ ಅಕಿ ಮಲ್ಲಪ್ಪಗ ಸನ್ನಿ ಮಾಡಿ ತರ್ಸಾಕ ನೋಡಿದ್ಲು. ಅಂವ ತಂದೂ ಬಿಟ್ಟಿದ್ದ, ಪಾಪ, ಹೆಂಡ್ತಿ ನೋವು ನೋಡಲಾರದ. ಗುಳಿಗಿ ಅಂವನ ಬೆರಳಿನ್ಯಾಗಿತ್ತು, ಅಕಿ ಬಾಯಿ ತೆರದಿದ್ಲು. ನಾ ಹೋಗಿ ಅಂವನ ಕೈಗೆ ಹೊಡದೆ. ಗುಳಿಗಿ ಒಲಿ ಕಡೆ ಉಳ್ಳಿ ಹೋತು.

"ಅತ್ತಿಗಿ! ಯಾಕ?" ಅಂದ ಮಲ್ಲಪ್ಪ.

ಅಲ್ಲೇ ನೆಲದ ಮ್ಯಾಲ ಕುಂತು ಎಲ್ಲಾ ಹೇಳಿದೆ. ಡಾಕ್ಟರಮ್ಮ ಅಂದದ್ದು, ಅವತ್ತಿನ ಎರಡು ಗುಳಿಗಿ, ನಾ ಬೈದದ್ದು. ಆಮ್ಯಾಲ ದಿನಾ ಸಂಜಿಗೆ ಕೊಟ್ಟದ್ದು. "ನಂಗ ಗೊತ್ತಿರ್ಲಿಲ್ಲ ಯಲ್ಲೀ, ನನ್ನ ಹೆಣ ಎತ್ತಲಿ, ಗೊತ್ತಿದ್ರ ಕೊಡ್ತಿದ್ದಿಲ್ಲ" ಅಂದು ಅಕಿ ಬಿದ್ದ ಕೈ ಹಿಡಕೊಂಡೆ. ಆ ಕೈಗೆ ಹಿಡದದ್ದೂ ಗೊತ್ತಾಗಂಗಿಲ್ಲ. ಮಲ್ಲಪ್ಪ ಎದ್ದು ಹೊರಗ ಹೋದ. ಯಲ್ಲವ್ವ ಗ್ವಾಡಿ ಕಡೆ ಮುಖ ತಿರುಗಿಸಿದ್ಲು.

ಒಂಬತ್ತು ದಿನ ಅಕಿ ನನ್ನ ಕೈಯಿಂದ ಏನೂ ತಗೊಳ್ಲಿಲ್ಲ. ಅನ್ನ ಇಲ್ಲ, ನೀರಿಲ್ಲ, ಗುಳಿಗಿ ಇಲ್ಲ. ನಾ ಹತ್ತಿರ ಹೋದ್ರ ಹಲ್ಲು ಕಚ್ಚಿ ತುಟಿ ಬಿಗಿ ಹಿಡಿಯಾಕಿ. ಮಲ್ಲಪ್ಪನ ಉಣಿಸ್ತಿದ್ದ, ಅಂವನ ಗುಳಿಗಿ ಹಾಕ್ತಿದ್ದ. ನನ್ನ ಜೋಡಿ ಅಂವ ಕೆಲಸಕ್ಕ ಬೇಕಾದಷ್ಟ, ಒಂದೆರಡು ಮಾತು ಆಡ್ತಿದ್ದ. ಬೈದಿದ್ರ ಛಲೋ ಇತ್ತು. ಬೈಗುಳದಾಗ ಹುಟ್ಟಿ ಬೆಳದಾಕಿ ನಾನು, ಅದನ್ನ ತಡಕೋತಿದ್ದೆ.

ಆ ಒಂಬತ್ತು ದಿನದಾಗ ಗುಂಪಿನವರ ಮನಿಮನಿಗೂ ಹೋದೆ. ಆ ಗುಳಿಗಿ ಬ್ಯಾಡ, ಬಿಪಿ ತೋರಿಸ್ಕೊಳ್ರಿ ಅಂತ ಕೈ ಮುಗದು ಹೇಳಿದೆ. "ನಿನಗ ಬಿಪಿ ಐತಿ, ನಮಗೇನಾಗೈತಿ?" ಅಂದ್ರು ಕೆಲವರು. "ಗುಳಿಗಿ ಇಲ್ದ ನಡ ಬಗ್ಗತೈತೇನು? ನೀನ ಬಂದು ಬಗ್ಗು" ಅಂದ್ಲು ಒಬ್ಬಾಕಿ. ಅಕಿ ಅಂದದ್ದೂ ಸುಳ್ಳಲ್ಲ. ನಾಲ್ಕು ಮಂದಿ ನನ್ನ ಜೋಡಿ ಆರೋಗ್ಯ ಕೇಂದ್ರಕ್ಕ ಬಂದ್ರು. ಅದರಾಗ ಇಬ್ಬರಿಗೆ ಬಿಪಿ ಇತ್ತು, ಗುಳಿಗಿ ಶುರು ಮಾಡ್ಯಾರ. ಉಳಿದವರು ಬ್ಯಾಸಗಿ ಭತ್ತದ ಸಸಿ ಹಚ್ಚೋ ಹೊತ್ತಿಗೆ ಬ್ಯಾರೆಯವರ ಗುಂಪಿಗೆ ಹೋದ್ರು, ಗುಳಿಗಿ ಕೊಡೋ ಗುಂಪಿಗೆ. ಈಗಲೂ ಮುಂಜಾನಿ ಆರಕ್ಕ ಆ ಟ್ರಾಲಿ ನಮ್ಮ ಮನಿ ಮುಂದ ಹಾದು ಹೋಗತೈತಿ. ಕೆಲವರು ಮುಖ ತಿರುವ್ತಾರ, ಕೆಲವರು ಕೈ ಮಾಡ್ತಾರ. ನಾ ಟ್ರಾಲ್ಯಾಗ ಎಷ್ಟು ಮಂದಿ ಅದಾರಂತ ಎಣಿಸ್ತೀನಿ.

ನನ್ನ ಬಿಪಿ ಈಗ ನೂರಾ ನಲವತ್ತರ ಆಜೂಬಾಜೂ ಐತಿ. ಬಿಳಿ ಗುಳಿಗಿ ಬಿಟ್ಟ ಮ್ಯಾಲ ಇಳೀತು. ಕಿಡ್ನಿ ಹೋದಷ್ಟು ಹೋತು, ಇರೋದನ್ನ ಕಾಯ್ಕೊಂಡಿರ್ರಿ ಅಂದಾರ. ಎಷ್ಟು ದಿನ ಅಂತ ನಾ ಕೇಳಿಲ್ಲ, ಅವರೂ ಹೇಳಿಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು, ಕಾಗದ ಕೈಗೆ ಬರೋ ತನಕ ಆ ಬಾಕಿನ ಮ್ಯಾಲ ಕುಂತಿರ್ತೀನಲ್ಲ, ಆಗಿನ ಹೆದರಿಕಿ ಮಾತ್ರ ಕಡಿಮಿ ಆಗಂಗಿಲ್ಲ.

ಹತ್ತನೇ ದಿನದ್ದು ಹೇಳಿ ಮುಗಿಸ್ತೀನಿ. ಸುಗ್ಗಿ ಶುರು ಆಗಿತ್ತು. ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡೋ ಮಲ್ಲಪ್ಪಗ ನಸಿಕಿನ್ಯಾಗ ಕರೆ ಬಂತು, ಅಂವ ಗುಳಿಗಿ ಕೊಡೋದು ಮರತು ಹೋದ. ನನ್ನ ಗಂಡನೂ ಇರ್ಲಿಲ್ಲ. ಮನ್ಯಾಗ ನಾವಿಬ್ಬರ. ಬಿಸಿಲು ಬಾಗಲಾ ದಾಟಿ ಒಳಗ ಬಂದಿತ್ತು. ಗುಳಿಗಿ ಹೊತ್ತು ಮೀರಾಕತ್ತಿತ್ತು. ನಾ ಒಂದು ಕೈಯಾಗ ಗುಳಿಗಿ, ಇನ್ನೊಂದು ಕೈಯಾಗ ನೀರಿನ ತಂಬಗಿ ಹಿಡಕೊಂಡು ಹೋಗಿ ಅಕಿ ಮುಂದ ಕುಂತೆ. ಅಕಿ ತುಟಿ ಬಿಗಿ ಹಿಡಿದಿದ್ಲು. ಗುಳಿಗಿನ್ನ ನೋಡಿದ್ಲು, ನನ್ನ ನೋಡಿದ್ಲು.

"ಯಾ…ವುದು?" ಅಂದ್ಲು.

"ಬಿಪಿದು ಯಲ್ಲೀ. ಡಾಕ್ಟರಮ್ಮ ಕೊಟ್ಟದ್ದು."

"ತೋ…ರ್ಸು."

ಗುಳಿಗಿ ಪಾಕೀಟು ತಂದು ಕಣ್ಣ ಮುಂದ ಹಿಡದೆ. ಅಕಿಗೆ ಓದಾಕ ಬರಂಗಿಲ್ಲ. ಆದ್ರೂ ಈ ಕಡೆ ನೋಡಿದ್ಲು, ಎಡಗೈಲೆ ತಿರುವಿ ಆ ಕಡೆ ನೋಡಿದ್ಲು. ಆಮ್ಯಾಲ ಬಾಯಿ ತೆರದ್ಲು.

ಅವತ್ತಿಂದ ದಿನಾ ಮುಂಜಾನಿ ಇದ ಆಗತೈತಿ. "ಯಕ್ಕಾ" ಅನ್ನೋದು ಇನ್ನೂ ಬಂದಿಲ್ಲ. ಯಾವುದು ಅಂತಾಳ, ಹೇಳ್ತೀನಿ. ತೋರ್ಸು ಅಂತಾಳ, ತೋರಿಸ್ತೀನಿ. ಹನ್ನೆರಡು ವರ್ಷ ಹದಿನೆಂಟು ಮಂದಿ ನನ್ನ ಮುಂದ ಕೈ ಚಾಚಿದ್ರು, ಒಬ್ಬಾಕಿನೂ ಇದನ್ನ ಕೇಳಿದ್ದಿಲ್ಲ. ಯಲ್ಲವ್ವ ಒಬ್ಬಾಕಿ ಕೇಳ್ತಾಳ, ಅದೂ ಅರ್ಧ ಬಾಯಿಲೆ. ಕೇಳು ಯಲ್ಲೀ, ಅಂತೀನಿ ಮನಸಿನ್ಯಾಗ. ನಾ ಇರೋತನಕ ಕೇಳು.